ಮಡಿ ಒದ್ದೆ, ಮೆಂತೆ ಮಾತ್ರ ಬಾಡಿದೆ

ಮಾನ್ಯ ಸಂಪಾದಕರೇ,

ನಾನು ಗಂಗಾವತಿ ತಾಲ್ಲೂಕಿನವಳು. ಅರ್ಧ ಎಕರೆಯಲ್ಲಿ ತಪ್ಪಲುಪಲ್ಯ ಬೆಳೆದು ಸಂತೆಗೆ ಒಯ್ಯುತ್ತೇನೆ. ಹೋದ ಚಳಿಗಾಲ ಮೆಂತೆ ಅಲ್ಲಲ್ಲಿ ಮಾತ್ರ ಹುಟ್ಟಿತು. ಕೊತ್ತಂಬರಿ ಮೇಲೇಳಲೇ ಇಲ್ಲ. ಎದ್ದ ಮೆಂತೆಯೂ ಗಿಡ್ಡ, ಎಲೆ ಕಡುಹಸಿರು, ಅಂಚು ಸುಟ್ಟ ಹಾಗೆ ಕಂದು. ಮಡಿ ಒದ್ದೆ ಇದ್ದರೂ ಮಧ್ಯಾಹ್ನಕ್ಕೆ ಬಾಡಿ ಮಲಗುತ್ತಿತ್ತು. ನೀರು ಸಾಲದೇನೋ ಅಂತ ಇನ್ನಷ್ಟು ಬಿಟ್ಟೆ. ಕಾಂಪ್ಲೆಕ್ಸ್ ಗೊಬ್ಬರವನ್ನೂ ಹಾಕಿದೆ. ಮಣ್ಣಲ್ಲೇ ಉಪ್ಪು ತುಂಬಿದೆ, ಈ ಗೊಬ್ಬರವೂ ಒಂದು ಬಗೆಯ ಉಪ್ಪೇ ಅಂತ ಆಗ ಗೊತ್ತಿರಲಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿದೆ. ಇಸಿ, ಅಂದರೆ ಮಣ್ಣಿನ ಉಪ್ಪಿನ ಅಳತೆ, 4 ದಾಟಿದರೆ ಸವಳು (ಉಪ್ಪು ಮಣ್ಣು) ಅಂತ ಲೆಕ್ಕವಂತೆ, ನಮ್ಮದು 6ರ ಹತ್ತಿರ. ಸುತ್ತ ಎಲ್ಲಾ ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ನೀರು ಒಳಗೊಳಗೇ ನಮ್ಮ ಹೊಲಕ್ಕೆ ಬಸಿಯುತ್ತದೆ, ಮೇಲೇರುತ್ತದೆ, ಬಿಸಿಲಿಗೆ ಆರುತ್ತದೆ. ಉಪ್ಪು ಮಾತ್ರ ಉಳಿಯುತ್ತದೆ. ಉಪ್ಪು ಜಾಸ್ತಿಯಾದರೆ ಪಕ್ಕದಲ್ಲೇ ನೀರಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು.

ಬೋದಿನ (ಮಣ್ಣು ಏರಿಸಿದ ಸಾಲಿನ) ನೆತ್ತಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಉಪ್ಪು ಅಲ್ಲೇ ಬಂದು ಬೆಳ್ಳಗೆ ಕೂರುತ್ತದೆ, ನಾನು ಬೀಜ ಹಾಕಿದ್ದೂ ಅಲ್ಲೇ. ಇಳಿಜಾರಿಗೆ ಜಾರಿ ಬಿದ್ದ ನಾಲ್ಕು ಕಾಳು ಮಾತ್ರ ಚೆನ್ನಾಗಿ ಬಂದವು. ಪಾಲಕ್ ಕೈಬಿಡಲಿಲ್ಲ. ಅದು ಬೀಟ್‌ರೂಟ್ ಬಳಗದ್ದು, ಉಪ್ಪು ತಾಳುತ್ತದೆ. ಮನೆ ಖರ್ಚು ನಡೆದದ್ದು ಅದರಿಂದಲೇ.

ಗೊಬ್ಬರದ ಅಂಗಡಿಯವರು ಜಿಪ್ಸಂ ಹಾಕಿ ಅಂದರು. ಸಾಲ ಮಾಡಿ ತಂದೆ. ಜಿಪ್ಸಂ ಬೇಕಾಗುವುದು ಸೋಡಿಯಂ ಹಿಡಿದ, ಪಿಎಚ್ (ಹುಳಿ-ಕ್ಷಾರದ ಅಳತೆ) 8.5 ದಾಟಿದ ಮಣ್ಣಿಗೆ. ನಮ್ಮದು 8 ದಾಟಿರಲಿಲ್ಲ. ನಮ್ಮಂಥ ಸವಳಿಗೆ ಒಳ್ಳೆ ನೀರು ನಿಲ್ಲಿಸಿ ಉಪ್ಪನ್ನು ಕೆಳಕ್ಕೆ ತೊಳೆಯಬೇಕು, ಆ ನೀರು ಹೊಲದಿಂದ ಆಚೆ ಹೋಗಬೇಕು. ಅಕ್ಕತಂಗಿಯರೇ, ಚೀಲ ತರುವ ಮೊದಲು ಒಂದು ಹಿಡಿ ಮಣ್ಣು ಪರೀಕ್ಷೆಗೆ ಕೊಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೇ ಕೆಲಸ ನಡೆಯುತ್ತದೆ, ಹೋಗಿ ಕೇಳಿ.

ಆದರೆ ನೀರು ಆಚೆ ಹೋಗುವುದು ಎಲ್ಲಿಗೆ? ನಮ್ಮ ಬಸಿಗಾಲುವೆಯಲ್ಲಿ ಆಳೆತ್ತರ ಜೊಂಡು ಬೆಳೆದಿದೆ. ಕೆಲವು ಕಡೆ ಮುಚ್ಚಿ ಉಳುಮೆಯನ್ನೂ ಮಾಡಿದ್ದಾರೆ. ಬೀಜವನ್ನು ಈ ಸಲ ಬೋದಿನ ಮಗ್ಗುಲಿಗೆ ಹಾಕುತ್ತೇನೆ, ಅದು ನನ್ನ ಕೈಲಿದೆ. ಕಾಲುವೆ ತೆಗೆಸುವುದು ನನ್ನೊಬ್ಬಳಿಂದ ಆಗದು. ಬೇಸಿಗೆಯಲ್ಲಿ ನಾಲೆ ನಿಂತಾಗ, ಮುಂಗಾರಿನ ನೀರು ಬಿಡುವ ಮೊದಲೇ, ಸಂಬಂಧಪಟ್ಟವರು ಹೂಳು ತೆಗೆಸಿಕೊಡಬೇಕು.

– ಪಲ್ಯ ಬೆಳೆಯುವ ಒಬ್ಬ ಹೆಣ್ಣುಮಗಳು, ಗಂಗಾವತಿ ತಾಲ್ಲೂಕು