ಕುರುಡ ಮುದುಕನೊಬ್ಬನೇ ಮಾತಾಡಿಸಿದ

ಮಾನ್ಯ ಸಂಪಾದಕರೇ,

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಅಂದರೆ ಸುಮ್ನೆ ಹೆದರಿಸುವ ಕಥೆ ಅಂತಲೇ ಹೆಚ್ಚಿನವರ ಲೆಕ್ಕ. 1818ರ ಈ ಕಾದಂಬರಿಯನ್ನು ಪೂರ್ತಿ ಓದಿದರೆ ಹೆದರಿಕೆಗಿಂತ ಸಂಕಟವೇ ಜಾಸ್ತಿ.

ಎಂಟು ಅಡಿ ಎತ್ತರದ ಆ ಜೀವಿ ಕಣ್ಣು ಬಿಟ್ಟದ್ದೇ ತಡ, ಅದನ್ನು ಮಾಡಿ ಜೀವ ಕೊಟ್ಟ ವಿಜ್ಞಾನದ ವಿದ್ಯಾರ್ಥಿ ವಿಕ್ಟರ್ ಫ್ರಾಂಕೆನ್‌ಸ್ಟೈನನೇ ಓಡಿಹೋಗುತ್ತಾನೆ. ಆಗಿನ್ನೂ ಅದು ಯಾರಿಗೂ ಏನೂ ಮಾಡಿರಲಿಲ್ಲ. ಆಮೇಲೆ ಬಡ ಕುಟುಂಬವೊಂದಕ್ಕೆ ರಾತ್ರಿ ಹೊತ್ತು ಕದ್ದುಮುಚ್ಚಿ ಸೌದೆ ತಂದು ಹಾಕುತ್ತದೆ, ದಾರಿಯ ಹಿಮ ತೆಗೆಯುತ್ತದೆ. ಉಳಿದವರು ಹೊರಗೆ ಹೋದ ಸಮಯ ನೋಡಿ ಮನೆಯೊಳಗೆ ಹೋದಾಗ, ಕುರುಡ ಮುದುಕ ಡಿ ಲೇಸಿ ಕೂರಿಸಿಕೊಂಡು ಮಾತಾಡಿಸುತ್ತಾನೆ. ಅಷ್ಟರಲ್ಲಿ ಮಗ ಫೀಲಿಕ್ಸ್ ಬಂದ. ಕೇಳಲಿಲ್ಲ, ವಿಚಾರಿಸಲಿಲ್ಲ, ಕೋಲಿನಿಂದ ಬಾರಿಸಿದ.

ಇಷ್ಟಕ್ಕೇ ನಿಂತಿದ್ದರೆ ಅಯ್ಯೋ ಪಾಪ ಅಂದು ಮುಗಿಸಬಹುದಿತ್ತು. ಆದರೆ ಆ ಜೀವಿಯೂ ಅದೇ ಕೆಲಸ ಮಾಡುತ್ತದೆ, ಅಲ್ವಾ? ವಿಕ್ಟರನ ಪುಟ್ಟ ತಮ್ಮನನ್ನು ಕೊಂದ ಮೇಲೆ ಅದಕ್ಕೆ ಆ ಮನೆಯ ಕೆಲಸದ ಹುಡುಗಿ ಜಸ್ಟಿನ್ ಕಾಣುತ್ತಾಳೆ. ಹರೆಯದ ಚೆಲುವೆ. ಇಂಥವಳ ನಗು ನನಗಲ್ಲ ಅಂತ ಮುಖ ನೋಡಿಯೇ ತೀರ್ಮಾನಿಸಿ, ಸತ್ತ ಹುಡುಗನ ಹತ್ತಿರ ಇದ್ದ ಪುಟ್ಟ ಚಿತ್ರವನ್ನು ಅವಳಿಗೆ ಗೊತ್ತಾಗದಂತೆ ಅವಳ ಬಟ್ಟೆಯಲ್ಲಿ ಸೇರಿಸುತ್ತದೆ. ಆ ಚಿತ್ರವೇ ಕೊಲೆಗೆ ಸಾಕ್ಷಿಯಾಗಿ ಅವಳನ್ನು ಗಲ್ಲಿಗೆ ಮುಟ್ಟಿಸುತ್ತದೆ. ಅವಳು ಅದರ ಜೊತೆ ಒಂದು ಮಾತೂ ಆಡಿರಲಿಲ್ಲ.

1931ರ ಸಿನಿಮಾ ಈ ಜೀವಿಯ ಬಾಯನ್ನೇ ಕಟ್ಟಿತು. ಕಾದಂಬರಿಯಲ್ಲಾದರೆ ಅದು ಇಂಗ್ಲಿಷ್ ಕವಿ ಮಿಲ್ಟನ್‌ನನ್ನು ಓದಿಕೊಂಡಿದೆ, ಪುಟಗಟ್ಟಲೆ ತನ್ನ ಕಥೆ ಹೇಳುತ್ತದೆ. ಸಿನಿಮಾ ನೋಡಿದವರು ದಯವಿಟ್ಟು ಪುಸ್ತಕವನ್ನೂ ಓದಲಿ.

ಇತಿ,
ನಿಮ್ಮ ಓದುಗ