ಆಯುಧಪೂಜೆಯ ಮಾರನೇ ದಿನದ ರಾಶಿ: ಮುಖ್ಯ ಆಯುಕ್ತರಿಗೊಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,

ಮಾನ್ಯರೇ, ನಮಸ್ಕಾರ.

ವಿಜಯದಶಮಿಯ ಬೆಳಗ್ಗೆ ಕೆ.ಆರ್. ಮಾರುಕಟ್ಟೆ ಸುತ್ತ ಒಮ್ಮೆ ಬನ್ನಿ. ಬಾಳೆಕಂದಿನ ರಾಶಿ, ಬೆವರಿದ ಚೆಂಡುಹೂವಿನ ಮೂಟೆ, ಮಾರಾಟವಾಗದ ಬೂದುಗುಂಬಳ ರಸ್ತೆಯಲ್ಲೇ ಬಿದ್ದಿರುತ್ತವೆ. ಹೂವಾದರೆ ಬಾಡಿತು, ಸರಿ. ಬೂದುಗುಂಬಳ ತಿಂಗಳುಗಟ್ಟಲೆ ಕೆಡದ ಕಾಯಿ. ಆದರೂ ವ್ಯಾಪಾರಿ ಬಿಟ್ಟು ಹೋಗುತ್ತಾನೆ. ಹಮಾಲಿ, ಲಾರಿ ಬಾಡಿಗೆ ಕೊಟ್ಟು ವಾಪಸ್ ಒಯ್ದರೆ ಅಸಲೂ ಹುಟ್ಟುವುದಿಲ್ಲ. ಅದನ್ನು ಎತ್ತುವವರು ಪೌರಕಾರ್ಮಿಕರು, ಖರ್ಚು ಪಾಲಿಕೆಯದು.

ನಾನು ಹೂವಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹಬ್ಬಕ್ಕೆ ಎಷ್ಟು ಮಾಲು ತರಿಸಬೇಕೆಂದು ನಮ್ಮಲ್ಲಿ ಈಗಲೂ ಹೋದ ವರ್ಷದ ನೆನಪಿನ ಮೇಲೆ, ಪಕ್ಕದ ಮಂಡಿಯವರನ್ನು ನೋಡಿ ತೀರ್ಮಾನಿಸುತ್ತಾರೆ. ಕೆಲವೇ ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಕಂಪನಿಗಳು ಮಷೀನ್ ಲರ್ನಿಂಗ್, ಅಂದರೆ ಹಳೆಯ ಲೆಕ್ಕದಿಂದ ಕಂಪ್ಯೂಟರೇ ಕಲಿಯುವ ವಿಧಾನ ಬಳಸಿ ಬಡಾವಣೆವಾರು ಬೇಡಿಕೆ ಅಂದಾಜು ಮಾಡುತ್ತವೆ. ಬೆಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2017ರಲ್ಲಿ. ಅಂಥದ್ದೊಂದು ಅಂದಾಜು ಬೀದಿ ವ್ಯಾಪಾರಿಗೆ ಇನ್ನೂ ಸಿಕ್ಕಿಲ್ಲ. ಸಿಗ್ನಲ್ ದಾಟಿದರೆ ದಂಡದ ಮೆಸೇಜ್ ಮಾತ್ರ ತಪ್ಪದೆ ಬರುತ್ತದೆ.

ಇಂಥ ಅಂದಾಜಿಗೆ ಭಾರಿ ಟೆಂಡರ್ ಬೇಕಿಲ್ಲ. ತರಕಾರಿಯ ಆವಕ, ಧಾರಣೆ ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ದಿನದಿನವೂ ಪ್ರಕಟವಾಗುತ್ತದೆ. ಅದರ ಜೊತೆ ಮಳೆ ಮುನ್ಸೂಚನೆ, ಕಸದ ಲಾರಿಗಳ ತೂಕ ಸೇರಿಸಿ. ಪಂಚಾಂಗವನ್ನಂತೂ ಮರೆಯಬೇಡಿ: ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ. ತಾರೀಖು ಮಾತ್ರ ನೋಡಿ ಕಲಿತ ಮಾಡೆಲ್ (ಅಂದಾಜು ಹೇಳುವ ಕಂಪ್ಯೂಟರ್ ಲೆಕ್ಕ) ಇಲ್ಲಿ ಎಡವುತ್ತದೆ. ಹಬ್ಬ ಯಾವ ವಾರದಂದು, ಸೋಮವಾರವೋ ಶುಕ್ರವಾರವೋ, ಬೀಳುತ್ತದೆ ಎಂಬುದೂ ಮುಖ್ಯ. ರಜೆ ಸಾಲಾಗಿ ಬಂದರೆ ಆಫೀಸುಗಳು ಪೂಜೆಯನ್ನು ಮೊದಲೇ ಮುಗಿಸುತ್ತವೆ, ಜನ ಊರಿಗೆ ಹೊರಡುತ್ತಾರೆ.

ಹಬ್ಬ ವರ್ಷಕ್ಕೊಂದೇ ಸಲ ಬರುವುದರಿಂದ ಹತ್ತು ವರ್ಷದ ಲೆಕ್ಕವಿದ್ದರೂ ಕಲಿಯಲು ಸಿಗುವುದು ಹತ್ತೇ ಉದಾಹರಣೆ. ಹಾಗಾಗಿ ಒಂದೇ ಅಂಕಿ ಹೇಳದೆ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಿಸಿ. ಎಲ್ಲರೂ ಒಂದೇ ಅಂದಾಜು ನಂಬಿ ಮಾಲು ಕಡಿಮೆ ಮಾಡಿದರೆ ಕೊರತೆ ಬಿದ್ದು ಗಿರಾಕಿಗೆ ಬರೆ. ಬಂದಿಳಿದ ಲಾರಿ ನೋಡಿ ದಿನಾ ಸಂಜೆ ಅಂದಾಜು ತಿದ್ದುತ್ತಿರಬೇಕು.

ನಿಜವಾದ ತೊಡಕು ಬೇರೆ ಇದೆ. ಹೂವಿನ ಲೆಕ್ಕ ಬಹುಪಾಲು ನಮ್ಮ ಖಾತೆ ಪುಸ್ತಕಗಳಲ್ಲಿದೆ, ಅದನ್ನು ಕೊಡಲು ನಮ್ಮವರಿಗೆ ಹೆದರಿಕೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಹೋಗಿ ‘ನಗದು ಮಾತ್ರ’ ಬೋರ್ಡು ಬಂತು. ತೆರಿಗೆ ತಪ್ಪಿಸಿಕೊಳ್ಳುವವರ ವಕಾಲತ್ತು ನಾನು ವಹಿಸುತ್ತಿಲ್ಲ. ಆದರೆ ಅಂದಾಜಿಗೆಂದು ಕೊಟ್ಟ ಅಂಕಿ ನಾಳೆ ನೋಟಿಸಾಗಿ ವಾಪಸ್ ಬರುವುದಾದರೆ ನಿಮಗೆ ಸಿಗುವುದು ಸುಳ್ಳು ಲೆಕ್ಕವೇ. ಸುಳ್ಳು ಲೆಕ್ಕದಿಂದ ಕಲಿತ ಮಾಡೆಲ್ ನಮ್ಮ ಈಗಿನ ಊಹೆಗಿಂತಲೂ ಕಡೆ.

ಆದ್ದರಿಂದ ಮೊದಲು ಲಿಖಿತ ಭರವಸೆ ಕೊಡಿ: ಮಂಡಿವಾರು ಅಂಕಿ ಬೇರೆ ಇಲಾಖೆಗೂ ಹೋಗದು, ಕಂಪನಿಗೂ ಮಾರಾಟವಾಗದು ಎಂದು. ಆಮೇಲೆ ವರಮಹಾಲಕ್ಷ್ಮಿ ಹಬ್ಬಕ್ಕೆ ಸಣ್ಣದಾಗಿ ಶುರು ಮಾಡಿ. ಹಬ್ಬಕ್ಕೆ ಒಂದು ವಾರ ಮೊದಲೇ ಅಂದಾಜನ್ನು ಕನ್ನಡದಲ್ಲಿ, ಮಾರುಕಟ್ಟೆ ಬಾಗಿಲಲ್ಲಿ, ವಾಟ್ಸ್ಯಾಪ್‌ನಲ್ಲಿ ಹಾಕಿಸಿ. ಹಬ್ಬ ಮುಗಿದ ಮೇಲೆ ನಿಜವಾಗಿ ಬಂದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನೂ ಅದೇ ಬೋರ್ಡಿನಲ್ಲಿ ಬರೆಸಿ. ಅದನ್ನು ನೋಡಿ ಆಯುಧಪೂಜೆಗೆ ನಂಬಬೇಕೋ ಬೇಡವೋ ಎಂದು ನಾವು ತೀರ್ಮಾನಿಸುತ್ತೇವೆ.

ಇಂತಿ,
ಹೂವಿನ ಮಂಡಿಯ ಗುಮಾಸ್ತ
ಕೆ.ಆರ್. ಮಾರುಕಟ್ಟೆ, ಬೆಂಗಳೂರು