ಬೇಜಾರಾದ ಪುಟದ ನಂಬರ್

ಮಗೂ,

ನಿನ್ನ ಲೇಖನಗಳ ಕಟ್ಟು ಬಂದು ಮೂರು ವಾರ ಆಯಿತು. ನೀನು ಅಂತಲೇ ಬರೆಯುತ್ತಿದ್ದೇನೆ, ನನ್ನ ಕೊನೆಯ ಮಗಳಿಗಿಂತ ಚಿಕ್ಕವಳು ನೀನು, ತಪ್ಪು ತಿಳಿಯಬೇಡ. ಉತ್ತರ ತಡವಾದದ್ದಕ್ಕೆ ಕಣ್ಣಿನ ಆಪರೇಷನ್ ಅಂತ ನೆಪ ಹೇಳಬಹುದಿತ್ತು. ನಿಜ ಏನೆಂದರೆ, ಮೊದಲ ಹತ್ತು ಪುಟ ಓದಿ ಸಿಟ್ಟು ಬಂದು ಕಪಾಟಿನ ಮೇಲೆ ಎತ್ತಿಟ್ಟಿದ್ದೆ.

ಇಪ್ಪತ್ತಮೂರು ಪುಸ್ತಕಗಳ ಬಗ್ಗೆ ಬರೆದಿದ್ದೀಯ. ಇಪ್ಪತ್ತಮೂರೂ ಅದ್ಭುತ. ಎಲ್ಲವನ್ನೂ ಒಂದೇ ಗುಕ್ಕಿಗೆ ಓದಿ ಮುಗಿಸಿದ್ದೀಯ, ಎಲ್ಲವೂ ನಿನ್ನ ಮನ ಕಲಕಿವೆ, ಎಲ್ಲವನ್ನೂ ಎಲ್ಲರೂ ಓದಲೇಬೇಕಂತೆ. ಅಲ್ಲಮ್ಮ, ಇಷ್ಟು ಸಲ ಕಲಕಿದ್ದರೆ ಇಷ್ಟು ಹೊತ್ತಿಗೆ ಬೆಣ್ಣೆ ಬರಬೇಕಿತ್ತು!

ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು. ಮಾಡೋಕೆ ಬೇರೆ ಕೆಲಸ ಇರಲಿಲ್ಲ. ಟಾರ್ಚ್ ಹಿಡಿದು ಮತ್ತೆ ಕಟ್ಟು ಬಿಚ್ಚಿದೆ. 'ಮಲೆಗಳಲ್ಲಿ ಮದುಮಗಳು' ಬಗ್ಗೆ ನೀನು ಬರೆದ ಪುಟದಲ್ಲಿ ಒಂದು ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದ್ದೀಯ. ಟಾರ್ಚ್ ಬೆಳಕು ಓರೆಯಾಗಿ ಬಿದ್ದದ್ದಕ್ಕೆ ಓದೋಕೆ ಸಿಕ್ಕಿತು. 'ಮೊದಲ ಇನ್ನೂರು ಪುಟ ಯಾರು ಯಾರ ಮನೆಯವರು ಅಂತಲೇ ಗೊತ್ತಾಗಲಿಲ್ಲ, ಆದರೆ ನಾಯಿ ಹೊಳೆಯಲ್ಲಿ ಹೋದ ದಿನ ನನಗೆ ಊಟ ಸೇರಲಿಲ್ಲ.' ಇದನ್ನು ಹೊಡೆದು ಹಾಕಿ ಮೇಲೆ ಏನು ಬರೆದಿದ್ದೀಯ? 'ಮಲೆನಾಡಿನ ಬದುಕಿನ ಸಮಗ್ರ ಚಿತ್ರಣ ನೀಡುವ ಮೇರು ಕೃತಿ.'

ಥೂ ಅನ್ನಿಸಿತು. ಕ್ಷಮಿಸು, ಆದರೆ ಅನ್ನಿಸಿತು.

ಆ ಎರಡನೇ ಸಾಲು ನಿನ್ನದಲ್ಲ. ಯಾವ ಗೈಡಿನಲ್ಲಾದರೂ ಸಿಗುತ್ತದೆ, 1967ರಲ್ಲಿ ಪುಸ್ತಕ ಬಂದಾಗಿನಿಂದ ಜನ ಅದನ್ನೇ ಹೇಳುತ್ತಾ ಬಂದಿದ್ದಾರೆ. ಮೊದಲನೇದು ಮಾತ್ರ ನಿನ್ನದು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಕಾದಂಬರಿ ಶುರುವಾಗುವ ಮೊದಲೇ ಬರೆದಿಟ್ಟಿದ್ದಾರೆ. ಅದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ನೀನು ಹೇಳಲಿಲ್ಲ, ಮಾಡಿದೆ. ಅಷ್ಟು ಜನರ ನಡುವೆ ಗುತ್ತಿಯ ನಾಯಿ ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಹೋದದ್ದಕ್ಕೆ ತಟ್ಟೆ ಮುಂದೆ ಸುಮ್ನೆ ಕೂತೆ. ಇನ್ನೂರು ಪುಟ ತಲೆ ಕೆಟ್ಟಿತು ಅನ್ನೋದನ್ನೂ ಮುಚ್ಚಿಡಲಿಲ್ಲ. ಆಮೇಲೆ ಯಾರಿಗೆ ಹೆದರಿದೆಯೋ, ಗೀಟು ಎಳೆದೆ.

ದಿನಕ್ಕೆ ಎಷ್ಟು ಬರೆಯಬೇಕು, ಯಾವ ಪತ್ರಿಕೆಗೆ ಕಳಿಸಬೇಕು, ಪರಿಚಯಕ್ಕೂ ವಿಮರ್ಶೆಗೂ ಏನು ವ್ಯತ್ಯಾಸ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ ಬಿಡು. ನನಗೆ ಆ ಗೀಟಿನ ಬಗ್ಗೆ ಮಾತಾಡಬೇಕು. ಯಾಕೆಂದರೆ ನಾನೂ ಎಳೆದವನೇ.

1977ರ ಜ್ಞಾನಪೀಠ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಪುಸ್ತಕಕ್ಕೆ ಬಂತು. ನಮ್ಮ ಊರಲ್ಲೂ ಒಂದು ಸಭೆ ಆಯಿತು, ನನ್ನನ್ನು ಮಾತಾಡೋಕೆ ಕರೆದರು. ಇಪ್ಪತ್ತು ನಿಮಿಷ ಮಾತಾಡಿದೆ. ಈ ಪುಸ್ತಕ ನನ್ನ ಬದುಕನ್ನೇ ಬದಲಿಸಿತು ಅಂದೆ. ಶುದ್ಧ ಸುಳ್ಳು. ಅಶ್ವತ್ಥ ಕಟ್ಟೆಯ ಮೇಲೆ ಕೂತ ಆ ಅಜ್ಜಿ ಬಾಯಿ ತೆರೆದಾಗೆಲ್ಲ ನನಗೆ ಅವಳ ಹಿಂದೆ ಕಾರಂತರೇ ಕೂತು ಹೇಳಿಕೊಡುತ್ತಿದ್ದಾರೆ ಅನ್ನಿಸಿತ್ತು. ಮೊಮ್ಮಗ ಸುಬ್ಬರಾಯ ಪ್ರಶ್ನೆ ಕೇಳೋಕೇ ಹುಟ್ಟಿದವನ ಹಾಗೆ ಕಂಡಿದ್ದ. ಎರಡು ಸಲ ಆಕಳಿಸಿದ್ದೆ. ಯಾರಿಗೂ ಹೇಳಲಿಲ್ಲ. ಕಾರಂತರ ಮೇಲಿನ ಗೌರವ ಗುಲಗಂಜಿಯಷ್ಟೂ ಕಡಿಮೆ ಆಗಿರಲಿಲ್ಲ, ಆದರೂ ಹೇಳೋಕೆ ಧೈರ್ಯ ಸಾಲಲಿಲ್ಲ.

ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಅದೇ ಕಾರಂತರ 1943ರ 'ಬೆಟ್ಟದ ಜೀವ' ನನ್ನನ್ನು ನಿಜವಾಗಿ ಅಲ್ಲಾಡಿಸಿತ್ತು. ಅದನ್ನೂ ಹೇಳಲಿಲ್ಲ! ಹಾಸ್ಟೆಲಿನಲ್ಲಿ ಓದಿದ್ದು. ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪಿದ ಅಪರಿಚಿತನನ್ನು ಗೋಪಾಲಯ್ಯ, ಶಂಕರಮ್ಮ ಮನೆಯಲ್ಲಿಟ್ಟುಕೊಂಡು ಇವತ್ತು ಇರಿ, ನಾಳೆ ಇರಿ ಅಂತ ಉಪಚಾರ ಮಾಡುತ್ತಾರಲ್ಲ, ಅವರ ಸ್ವಂತ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ನಾನೂ ಆಗ ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಎರಡು ವರ್ಷ ಆಗಿತ್ತು. ಪುಸ್ತಕ ಮುಚ್ಚಿ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ತಂದೆ. ಎಷ್ಟೋ ಹೊತ್ತು ಕೂತರೂ ಏನು ಬರೆಯಬೇಕು ಅಂತ ಹೊಳೆಯಲಿಲ್ಲ. ಕೊನೆಗೆ 'ಅಡಿಕೆ ಕೊಯ್ಲು ಆಯಿತಾ' ಅಂತ ಒಂದೇ ಸಾಲು ಬರೆದು ಹಾಕಿದೆ. ವಾರದ ಮೇಲೆ ಉತ್ತರ ಬಂತು, ಅದೂ ಒಂದೇ ಸಾಲು. 'ಆಗಿಲ್ಲ, ಕೊನೆಗಾರ ಸಿಕ್ಕಿಲ್ಲ.' ನಾನು ಅವತ್ತು ರಾತ್ರಿಯೇ ಬಸ್ಸು ಹತ್ತಿದೆ.

ಸಭೆಯಲ್ಲಿ ಈ ಕಾರ್ಡಿನ ಕಥೆ ಹೇಳಿದ್ದರೆ ಸಾಕಿತ್ತು ಅಲ್ವಾ? ನಾನು ಬದುಕು, ಬದಲಾವಣೆ ಅಂತ ಕೊರೆದೆ.

ದೇವನೂರ ಮಹಾದೇವರ 'ಕುಸುಮಬಾಲೆ'ಯದ್ದು ಬೇರೆ ಥರ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ತಂದುಕೊಂಡೆ. ನಾನು ಮಲೆನಾಡಿನವನು, ನಂಜನಗೂಡು ಕಡೆಯ ಆ ಮಾತು ನನ್ನ ಕಿವಿಗೆ ಹತ್ತಲೇ ಇಲ್ಲ. ಎರಡು ಸಲ ಹತ್ತನೇ ಪುಟಕ್ಕೇ ನಿಂತೆ. ಕೇಳಿದವರಿಗೆಲ್ಲ 'ಏನು ಬರೆದಿದ್ದಾರೆ ಮಾರಾಯರೆ' ಅಂತ ತಲೆ ಅಲ್ಲಾಡಿಸಿದೆ. ಹಾಗೆ ನಾಲ್ಕು ವರ್ಷ ತಲೆ ಅಲ್ಲಾಡಿಸಿದ್ದಾಯಿತು. ಒಂದು ದಿನ ಆಫೀಸಿನಲ್ಲಿ ಆ ಕಡೆಯವರೇ ಒಬ್ಬರ ಹತ್ತಿರ ತಡೆಯಲಾರದೆ 'ನನಗೆ ಅರ್ಥ ಆಗಿಲ್ಲ' ಅಂದುಬಿಟ್ಟೆ. ಅವರು ನಕ್ಕು, ಮಧ್ಯಾಹ್ನ ಡಬ್ಬಿ ಮುಗಿದ ಮೇಲೆ ಗಟ್ಟಿಯಾಗಿ ಓದಿದರು. ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು, ರಾತ್ರಿ ಒಂದು ಕಡೆ ಸೇರಿ ಮಾತಾಡುವ ಭಾಗ. ಕಣ್ಣಿಗೆ ಕಲ್ಲಿನ ಹಾಗಿದ್ದ ಮಾತು ಕಿವಿಗೆ ಹಾಡಾಯಿತು. ಮೊದಲೇ ಅರ್ಥ ಆಗಿಲ್ಲ ಅಂದಿದ್ದರೆ ನಾಲ್ಕು ವರ್ಷ ಉಳಿಯುತ್ತಿತ್ತು.

ಹೇಳಬಾರದು ಅಂದುಕೊಂಡಿದ್ದೆ, ಇರಲಿ, ಇದನ್ನೂ ಹೇಳುತ್ತೇನೆ. ನನ್ನ ಗೆಳೆಯನೊಬ್ಬ ಕಾದಂಬರಿ ಬರೆದು ಮುನ್ನುಡಿ ಕೇಳಿದ. ಅರುವತ್ತು ಪುಟ ಓದಿದೆ, ಸಪ್ಪೆ ಅನ್ನಿಸಿತು, ನಿಲ್ಲಿಸಿದೆ. ಸಪ್ಪೆ ಅಂತ ಹೇಳೋದು ಹೇಗೆ? ನಾಲ್ಕು ಪುಟ ಮುನ್ನುಡಿ ಬರೆದೆ. ನಾಯಕಿಯ ಭೂಮಿತೂಕದ ತಾಳ್ಮೆಯನ್ನು ಹಾಡಿ ಹೊಗಳಿದೆ. ಆ ಪುಣ್ಯಾತ್ಗಿತ್ತಿ ನೂರ ಹನ್ನೆರಡನೇ ಪುಟದಲ್ಲಿ ಗಂಡನ ಮೇಲೆ ಒನಕೆ ಎಸೆದು ಮನೆ ಬಿಟ್ಟು ಹೋಗುತ್ತಾಳೆ! ಬಿಡುಗಡೆ ದಿನ ಯಾರೋ ಅದನ್ನು ಹೇಳಿ ನಗಿಸಿದರು. ಗೆಳೆಯನೂ ನಕ್ಕ. ಆಮೇಲೆ ಅವನು ಏನನ್ನೂ ನನಗೆ ಓದೋಕೆ ಕೊಡಲಿಲ್ಲ, ಕೊನೆಕೊನೆಗೆ ಬರೆಯಲೂ ಇಲ್ಲ. ಅವನು ಹೋದ ಮೇಲೆ ಆ ಪುಸ್ತಕ ಪೂರ್ತಿ ಓದಿದೆ. ಒನಕೆ ಎಸೆದಲ್ಲಿಂದ ಮುಂದೆ ಚೆನ್ನಾಗಿಯೇ ಇದೆ.

ಮುನ್ನುಡಿಯಲ್ಲಿ ನಿಜ ಹೇಳಿದವರೂ ಇದ್ದಾರೆ. 1973ರಲ್ಲಿ ತೇಜಸ್ವಿ 'ಅಬಚೂರಿನ ಪೋಸ್ಟಾಫೀಸು'ಗೆ ಬರೆದ ಮುನ್ನುಡಿ ಹುಡುಕಿ ಓದು. ಸುತ್ತ ಎಲ್ಲರೂ ನವ್ಯ ನವ್ಯ ಅಂತ ಆ ಕಾಲದ ಹೊಸ ಸಾಹಿತ್ಯದ ದಾರಿಯನ್ನೇ ಹಿಡಿದಿದ್ದಾಗ ನನಗೆ ಈ ದಾರಿ ಸಾಕು ಅಂತ ತಮ್ಮ ಪುಸ್ತಕದ ಬಾಗಿಲಲ್ಲೇ ನಿಂತು ಹೇಳಿದರು. ಆ ಧೈರ್ಯ ಎಲ್ಲಿಂದ ತರೋದು ಅಂತ ನನ್ನನ್ನು ಕೇಳಬೇಡ.

ಕಟುವಾಗಿ ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. ಅದೂ ಒಂದು ಚಟ. ನನ್ನ ಮೊದಲ ಕಥಾಸಂಕಲನಕ್ಕೆ ಒಬ್ಬರು ಹನ್ನೊಂದು ಸಾಲಿನ ವಿಮರ್ಶೆ ಬರೆದಿದ್ದರು, ಒಂದು ಕಥೆಯ ಹೆಸರನ್ನೂ ತಪ್ಪಾಗಿ ಹಾಕಿ. 'ಈ ಲೇಖಕರಿಗೆ ಮಳೆ ಬಿಟ್ಟರೆ ಬೇರೇನೂ ಗೊತ್ತಿಲ್ಲ' ಅಂತ ಕೊನೆಯ ಸಾಲು. ನಲವತ್ತು ವರ್ಷ ಆಯಿತು, ಆ ತುಂಡು ಇನ್ನೂ ಇಟ್ಟಿದ್ದೇನೆ, ಸಿಟ್ಟೂ ಇದೆ. ಒಂದು ಸಲ ಎಣಿಸಿ ನೋಡಿದೆ. ಒಂಬತ್ತು ಕಥೆಯಲ್ಲಿ ಏಳರಲ್ಲಿ ಮಳೆ. ಸಿಟ್ಟು ಇನ್ನೂ ಜಾಸ್ತಿ ಆಯಿತು.

ಒಂದು ಕೆಲಸ ಮಾಡು. ಮುಂದಿನ ಪುಸ್ತಕ ಓದುವಾಗ ಬೇಜಾರಾದ ಪುಟದ ನಂಬರನ್ನು ಪೆನ್ಸಿಲ್ಲಿನಲ್ಲಿ ಹಿಂದಿನ ರಟ್ಟಿನ ಮೇಲೆ ಬರೆ. ಊಟ ಬಿಟ್ಟ ಪುಟದ್ದೂ ಬರೆ. ಆಮೇಲೆ ಆ ನಂಬರುಗಳ ಬಗ್ಗೆ ಮಾತ್ರ ಬರೆ. ಆ ಪುಟದಲ್ಲಿ ಏನಿತ್ತು, ಅವತ್ತು ನಿನಗೆ ಏನಾಗಿತ್ತು, ಅಷ್ಟು. ತಪ್ಪು ಪುಸ್ತಕದ್ದೇ ಇರಬೇಕು ಅಂತೇನಿಲ್ಲ, ಜ್ವರ ಬಂದಿದ್ದರೂ ಬೇಜಾರಾಗುತ್ತದೆ.

ಹಾಂ, ಹದಿನೇಳನೆಯ ಲೇಖನ ನನ್ನ ಪುಸ್ತಕದ ಬಗ್ಗೆ. ಅದೂ ಅದ್ಭುತ, ಅದೂ ಒಂದೇ ಗುಕ್ಕಿಗೆ. ಮಧ್ಯದಲ್ಲಿ ಒಂದು ಶ್ರಾದ್ಧದ ಅಧ್ಯಾಯ ಇದೆ, ನಾನೇ ಎರಡನೇ ಸಲ ಓದಲಾರದೆ ಬಿಟ್ಟದ್ದು. ಅದನ್ನು ನೀನು ದಾಟಿದೆಯಾ? ನಿಜ ಹೇಳು.

ಕಟ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ನಾಯಿಯ ಪುಟ ನೋಡಿ ಬೈಯಬೇಡ. ಆ ಗೀಟನ್ನು ಅಳಿಸೋಣ ಅಂತ ಮೊಮ್ಮಗನ ರಬ್ಬರು ತಂದು ಉಜ್ಜಿದೆ, ಪೆನ್ನಿನ ಶಾಯಿ, ಹೋಗಲಿಲ್ಲ, ಕಾಗದ ಹರಿಯಿತು. ಹಿಂದಿನಿಂದ ಒಂದು ಚೂರು ಅಂಟಿಸಿದ್ದೇನೆ.